ತಂತಿ ಬ್ರಷ್ ಕೆಳಗಿಡಿ, ಮೊದಲು ಟಾರ್ಚ್ ಹಿಡಿಯಿರಿ

ಹಳೆಯ ಯುದ್ಧವಿಮಾನಗಳ ಬಗ್ಗೆ ಓದುಗರ ಪ್ರಶ್ನೆಗಳು

ಈ ತಿಂಗಳ ಪತ್ರಗಳ ಕಟ್ಟು ದಪ್ಪವಾಗಿಯೇ ಇತ್ತು. ಹೆಚ್ಚಿನವರು ಕೇಳಿರುವುದು ಒಂದೇ: ಕೈಗೆ ಸಿಕ್ಕ ಈ ತುಂಡು, ಈ ಫೋಟೊ, ಈ ಗಾಜಿನ ಡಯಲ್ ಯಾವ ವಿಮಾನದ್ದು? ನಾನು ಮೂವತ್ತೊಂದು ವರ್ಷ ವಿಮಾನದ ಒಡಲಿನ ತಗಡು ಕೆಲಸ ಮಾಡಿದವನು. ನಿವೃತ್ತಿಯಾದ ಮೇಲೆ ಹಳೆಯ ವಿಮಾನಗಳನ್ನು ದುರಸ್ತಿ ಮಾಡುವ ಒಂದು ಸಣ್ಣ ತಂಡದ ಜೊತೆಗಿದ್ದೇನೆ. ಕೈಯಾರೆ ಮಾಡಿ, ಕಣ್ಣಾರೆ ನೋಡಿ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ.

ಪ್ರಶ್ನೆ: ಗುಜರಿ ಸಾಮಾನಿನ ನಡುವೆ ಮೊಳದುದ್ದದ ಅಲ್ಯೂಮಿನಿಯಂ ಪಟ್ಟಿಯೊಂದು ಸಿಕ್ಕಿದೆ. ಮೂಲೆಯಲ್ಲಿ 361 ಎಂದು ಆರಂಭವಾಗುವ ಅಂಕಿಗಳು ಮಸುಕಾಗಿ ಕಾಣುತ್ತವೆ. ಸ್ನೇಹಿತರು ಇದು ಸ್ಪಿಟ್‌ಫೈರ್ ವಿಮಾನದ್ದು ಎನ್ನುತ್ತಾರೆ. ಥಿನ್ನರ್‌ನಲ್ಲಿ ನೆನೆಸಿ ತಂತಿ ಬ್ರಷ್‌ನಿಂದ ಉಜ್ಜಿದರೆ ಪೂರ್ತಿ ಓದಬಹುದೇ?

ದಯವಿಟ್ಟು ಬ್ರಷ್ ಕೆಳಗಿಡಿ. ಥಿನ್ನರ್ ಡಬ್ಬಿಯ ಮುಚ್ಚಳವನ್ನೂ ಹಾಕಿಬಿಡಿ. ಎರಡನೇ ಮಹಾಯುದ್ಧದ ಕಾಲದ ಭಾಗಗಳ ಮೇಲೆ ಎರಡು ಬಗೆಯ ಗುರುತುಗಳಿರುತ್ತವೆ. ಒಂದು, ಉಕ್ಕಿನ ಅಚ್ಚಿಟ್ಟು ಸುತ್ತಿಗೆಯಿಂದ ಹೊಡೆದದ್ದು. ಇನ್ನೊಂದು, ರಬ್ಬರ್ ಮುದ್ರೆಯಿಂದ ಶಾಯಿಯಲ್ಲಿ ಒತ್ತಿದ್ದು. ಹೊಡೆದ ಅಂಕಿ ಬ್ರಷ್‌ನ ಏಟನ್ನು ತಾಳಿಕೊಂಡೀತು. ಶಾಯಿಯ ಗುರುತು ಥಿನ್ನರ್ ತಾಗಿದ ಮರುಕ್ಷಣವೇ ಬಟ್ಟೆಗೆ ಹತ್ತಿಕೊಂಡು ಹೋಗುತ್ತದೆ. ಪರೀಕ್ಷಕನ ಮುದ್ರೆ ಎಷ್ಟೋ ಸಲ ಶಾಯಿಯಲ್ಲೇ ಇರುತ್ತದೆ.

ಮೃದುವಾದ ಬಣ್ಣದ ಕುಂಚದಿಂದ ಒಣ ಮಣ್ಣನ್ನು ಮೊದಲು ಸರಿಸಿ. ಬರಿಯ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯನ್ನು ಉಜ್ಜದೆ ಒತ್ತಿ ತೆಗೆಯಿರಿ. ಆಮೇಲೆ ಕೋಣೆಯನ್ನು ಕತ್ತಲೆ ಮಾಡಿ, ಟಾರ್ಚನ್ನು ತಗಡಿನ ಮೇಲೆ ಮಲಗಿಸಿದಂತೆ ಇಟ್ಟು ಬೆಳಕನ್ನು ಅಡ್ಡಡ್ಡ ಹಾಯಿಸಿ. ಎದುರಿನಿಂದ ಬೆಳಕು ಬಿಟ್ಟಾಗ ಏನೂ ಕಾಣದ ಕಡೆ, ಅಡ್ಡ ಬೆಳಕಿನಲ್ಲಿ ಪ್ರತಿ ಅಂಕಿಯ ಅಂಚಿಗೂ ಒಂದೊಂದು ನೆರಳು ಬೀಳುತ್ತದೆ. ಟಾರ್ಚನ್ನು ನಾಲ್ಕೂ ದಿಕ್ಕಿನಿಂದ ತಿರುಗಿಸಿ ಒಂದೊಂದು ಫೋಟೊ ತೆಗೆಯಿರಿ. 3 ಮತ್ತು 8ರ ಗೊಂದಲ ಬಗೆಹರಿಯುವುದು ಸಾಮಾನ್ಯವಾಗಿ ಮೂರನೆಯದೋ ನಾಲ್ಕನೆಯದೋ ಫೋಟೊದಲ್ಲಿ. ಅಲ್ಲೂ ಆಗದಿದ್ದರೆ ತೆಳುವಾದ ಕಾಗದ ಇಟ್ಟು ಮೆತ್ತನೆಯ ಪೆನ್ಸಿಲ್‌ನಿಂದ ಹಗುರವಾಗಿ ತೀಡಿ.

ಇನ್ನು 361ರ ವಿಷಯ. ಸ್ಪಿಟ್‌ಫೈರ್ ಯುದ್ಧವಿಮಾನ ತಯಾರಿಸಿದ ಬ್ರಿಟನ್ನಿನ ಸೂಪರ್‌ಮರೀನ್ ಕಂಪನಿ ತನ್ನ ಪ್ರತಿ ವಿನ್ಯಾಸಕ್ಕೂ ಒಂದು ಟೈಪ್ ಸಂಖ್ಯೆ ಕೊಡುತ್ತಿತ್ತು, ಭಾಗಗಳ ಸಂಖ್ಯೆ ಅದರಿಂದಲೇ ಆರಂಭವಾಗುತ್ತಿತ್ತು. 300 ಎಂದರೆ ಮೊದಲ ಸ್ಪಿಟ್‌ಫೈರ್, 349 ಮಾರ್ಕ್ 5ರ ಕಾಲದ್ದು, 361 ಮಾರ್ಕ್ 9, 379 ಮಾರ್ಕ್ 14. ಮಾರ್ಕ್ ಎಂದರೆ ಒಂದೇ ವಿಮಾನದ ಬೇರೆ ಬೇರೆ ಮಾದರಿಗಳ ಕ್ರಮಸಂಖ್ಯೆ. ಹಾಗಾಗಿ ನಿಮ್ಮ ಸ್ನೇಹಿತರ ಊಹೆಗೆ ಆಧಾರವಿದೆ. ಆದರೆ ಆತುರ ಬೇಡ. ಒಂದು ಭಾಗ ಮೊದಲು ಯಾವ ಮಾದರಿಗಾಗಿ ರೂಪುಗೊಂಡಿತೋ ಅದೇ ಸಂಖ್ಯೆಯನ್ನು ಹೊತ್ತುಕೊಂಡು ಮುಂದಿನ ಮಾದರಿಗಳಿಗೂ ಹೋಗುತ್ತಿತ್ತು. ಮಾರ್ಕ್ 9ರ ಒಡಲಿನಲ್ಲಿ 300ರ ಭಾಗಗಳು ಧಾರಾಳವಾಗಿ ಸಿಗುತ್ತವೆ. 361 ಹೇಳುವುದು ಇಷ್ಟೇ: ಈ ವಿಮಾನ ಮಾರ್ಕ್ 9ಕ್ಕಿಂತ ಹಿಂದಿನದಲ್ಲ, ಅದು ಅಥವಾ ಅದರ ನಂತರದ್ದು.

ಸಂಖ್ಯೆ ಪೂರ್ತಿ ಅಳಿಸಿದ್ದರೂ ಪಟ್ಟಿಯ ಒಳಮೈ ನೋಡಿ. ಹೊರಗಿನ ಬಣ್ಣವನ್ನು ಯಾರು ಬೇಕಾದರೂ ಬದಲಿಸಿರುತ್ತಾರೆ, ಒಳಗಿನದನ್ನು ಬದಲಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ಹಸಿರುಹಳದಿ ಕ್ರೋಮೇಟ್ ಲೇಪವಿದ್ದರೆ ಅಮೆರಿಕದ ಕಡೆ ಯೋಚಿಸಿ. ಹಸಿರು ಛಾಯೆಯ ಬೂದು ಬಣ್ಣವಿದ್ದರೆ ಜರ್ಮನಿ ಇರಬಹುದು. ಲೋಹದ ಹೊಳಪು ಒಳಗಿನಿಂದ ಇಣುಕುವಂಥ ಪಾರದರ್ಶಕ ನೀಲಿಹಸಿರು ಅರಗಿದ್ದರೆ ಜಪಾನ್. ಅಚ್ಚು ಓದಲು ಸಿಕ್ಕರೆ, ಬ್ರಿಟನ್ನಿನ ಹಾಕರ್ ಕಂಪನಿಯ ಭಾಗಗಳಲ್ಲಿ 41ಎಚ್ ಎಂಬ ಮೊದಲಕ್ಷರಗಳು, ಮಾಸ್ಕಿಟೊ ವಿಮಾನದ ಭಾಗಗಳಲ್ಲಿ 98 ಕಾಣಸಿಗುತ್ತವೆ. ಪಟ್ಟಿಯ ಒಳಮೈಯ ಫೋಟೊ ತೆಗೆದು ಕಳುಹಿಸಿ, ರಿವೆಟ್‌ಗಳ ನಡುವಿನ ಅಂತರವನ್ನೂ ಅಳೆದು ಬರೆಯಿರಿ.

ಪ್ರಶ್ನೆ: ಅಜ್ಜನ ಹಳೆಯ ಆಲ್ಬಮ್ಮಿನಲ್ಲಿ ಒಂದು ಫೋಟೊ ಇದೆ. ಅವರು ವಿಮಾನದ ರೆಕ್ಕೆಗೆ ಒರಗಿ ನಿಂತಿದ್ದಾರೆ. ಎರಡು ಚಕ್ರ, ಅವುಗಳ ನಡುವೆ ಹೊಟ್ಟೆಯ ಕೆಳಗೆ ಪೆಟ್ಟಿಗೆಯಂಥದ್ದು, ಪಕ್ಕದಲ್ಲಿ ಅರ್ಧ ವೃತ್ತದ ಗುರುತು ಕಾಣುತ್ತದೆ. ವೃತ್ತದಲ್ಲಿ ಗಾಢವಾದ ಉಂಗುರ, ನಡುವೆ ತೆಳು ಬಣ್ಣ, ಅಷ್ಟೇ. ಮನೆಯವರೆಲ್ಲ ಸ್ಪಿಟ್‌ಫೈರ್ ಎಂದೇ ನಂಬಿದ್ದಾರೆ.

ನೀವು ಬರೆದ ವಿವರಣೆ ಎಷ್ಟು ಚೆನ್ನಾಗಿದೆಯೆಂದರೆ, ಫೋಟೊ ನೋಡದೆಯೂ ಧೈರ್ಯವಾಗಿ ಹೇಳಬಲ್ಲೆ: ಅದು ಬಹುಮಟ್ಟಿಗೆ ಹಾಕರ್ ಕಂಪನಿಯ ಹರಿಕೇನ್ ಯುದ್ಧವಿಮಾನ.

ಹೊಟ್ಟೆಯ ಕೆಳಗಿನ ಪೆಟ್ಟಿಗೆಯೇ ಮೊದಲ ಸಾಕ್ಷಿ. ಅದು ಎಂಜಿನ್ನಿನ ನೀರನ್ನು ತಣಿಸುವ ರೇಡಿಯೇಟರ್. ಹರಿಕೇನ್‌ನಲ್ಲಿ ಅದು ಒಡಲಿನ ನಟ್ಟನಡುವೆ ನೇತಾಡುತ್ತದೆ, ಸ್ಪಿಟ್‌ಫೈರ್‌ನಲ್ಲಿ ರೆಕ್ಕೆಗಳ ಕೆಳಗಿರುತ್ತದೆ. ಎರಡನೆಯದು ಚಕ್ರಗಳು. ಸ್ಪಿಟ್‌ಫೈರ್‌ನ ಕಾಲುಗಳು ಒಡಲಿನ ಪಕ್ಕದಲ್ಲೇ ಕೀಲು ಹೊಂದಿ ಹೊರಕ್ಕೆ ಮಡಿಚಿಕೊಳ್ಳುತ್ತವೆ. ಆದ್ದರಿಂದ ನೆಲದ ಮೇಲೆ ಅದು ಕಾಲು ಜೋಡಿಸಿ ನಿಂತಂತೆ ಕಾಣುತ್ತದೆ. ಹರಿಕೇನ್‌ನ ಕಾಲುಗಳು ಒಳಕ್ಕೆ ಮಡಿಚುತ್ತವೆ, ಅದರ ನಿಲುವು ಅಗಲ. ಆಲ್ಬಮ್ಮಿನಲ್ಲಿ ಅದೇ ವಿಮಾನದ ಬೇರೆ ಫೋಟೊ ಇದ್ದರೆ ಕಾಕ್‌ಪಿಟ್‌ನಿಂದ ಬಾಲದವರೆಗಿನ ಮೈಯನ್ನು ನೋಡಿ. ಹರಿಕೇನ್‌ನ ಹಿಂಭಾಗಕ್ಕೆ ಲೋಹದ ತಗಡಿಲ್ಲ. ಉಕ್ಕಿನ ಕೊಳವೆಗಳ ಚೌಕಟ್ಟು, ಅದರ ಮೇಲೆ ಮರದ ಪಟ್ಟಿಗಳು, ಮೇಲೆ ಬಿಗಿದ ಬಟ್ಟೆ. ಪಟ್ಟಿಗಳ ಗೆರೆಗಳು ಬಡಕಲು ಎತ್ತಿನ ಪಕ್ಕೆಲುಬಿನ ಹಾಗೆ ಎದ್ದು ಕಾಣುತ್ತವೆ. ಸ್ಪಿಟ್‌ಫೈರ್‌ನ ಮೈ ನುಣುಪು.

ಆದರೆ ನಿಮ್ಮ ಫೋಟೊದಲ್ಲಿ ನನಗೆ ಹೆಚ್ಚು ಬೆಲೆಬಾಳುವುದು ಆ ಅರ್ಧ ವೃತ್ತ. ಬ್ರಿಟಿಷ್ ವಿಮಾನಗಳ ವೃತ್ತದ ನಡುವೆ ಕೆಂಪು ಇರಬೇಕು. ಆಗ್ನೇಯ ಏಷ್ಯಾದ ರಣರಂಗದಲ್ಲಿ ಜಪಾನಿನ ಕೆಂಪು ಸೂರ್ಯನ ಗುರುತಿನೊಂದಿಗೆ ಗೊಂದಲವಾಗಿ ತಮ್ಮವರ ಗುಂಡಿಗೆ ತಮ್ಮವರೇ ಬಲಿಯಾಗಬಾರದೆಂದು ಆ ಕೆಂಪನ್ನು ತೆಗೆದುಹಾಕಿದರು. ಗಾಢ ನೀಲಿ ಉಂಗುರ, ನಡುವೆ ತಿಳಿ ನೀಲಿ ಅಥವಾ ಬಿಳಿ ಉಳಿಯಿತು. ಅಲ್ಲಿ ಹಾರಿದ ಭಾರತೀಯ ವಾಯುಪಡೆಯ ಹರಿಕೇನ್‌ಗಳ ಮೇಲೂ ಇದೇ ಗುರುತು. ಹಾಗಾದರೆ ಫೋಟೊ ಯುದ್ಧದ ಕೊನೆಯ ವರ್ಷಗಳದ್ದು, ಆ ರಣರಂಗದ್ದು.

ಒಂದು ಎಚ್ಚರಿಕೆ. ಆ ಕಾಲದ ಕೆಲವು ಫಿಲ್ಮ್‌ಗಳಿಗೆ ಕೆಂಪು ಬೆಳಕು ಕಾಣುತ್ತಲೇ ಇರಲಿಲ್ಲ. ಅವುಗಳಲ್ಲಿ ಕೆಂಪು ಮತ್ತು ಹಳದಿ ಕಪ್ಪಾಗಿಯೂ ನೀಲಿ ಬೆಳ್ಳಗೂ ಬರುತ್ತವೆ. ಈ ಕಾರಣಕ್ಕೆ ಹಳದಿ ಬಳಿದ ತರಬೇತಿ ವಿಮಾನವನ್ನು ಕಡು ಬಣ್ಣದ್ದೆಂದು ತಪ್ಪಾಗಿ ಗುರುತಿಸಿದವರು ಬಹಳ ಮಂದಿ. ನಿಮ್ಮ ಫೋಟೊದಲ್ಲಿ ವೃತ್ತದ ನಡು ತೆಳುವಾಗಿಯೇ ಇರುವುದರಿಂದ ಅಲ್ಲಿ ಕೆಂಪಿಲ್ಲ ಎಂಬುದು ಯಾವ ಫಿಲ್ಮ್ ಆದರೂ ನಿಲ್ಲುತ್ತದೆ. ಫೋಟೊವನ್ನು ಆಲ್ಬಮ್ಮಿನಿಂದ ಕೀಳಬೇಡಿ. ಅಂಟು ತಾನಾಗಿ ಬಿಟ್ಟಿದ್ದರೆ ಮಾತ್ರ ಹಿಂಬದಿ ತಿರುಗಿಸಿ ನೋಡಿ, ಸ್ಕ್ವಾಡ್ರನ್ ಸಂಖ್ಯೆ ಬರೆದಿಟ್ಟವರಿದ್ದಾರೆ.

ಪ್ರಶ್ನೆ: ಹಳೆಯ ವಿಮಾನದ ಎತ್ತರ ತೋರಿಸುವ ಡಯಲ್ ಒಂದನ್ನು ಕೊಂಡಿದ್ದೇನೆ. ಅಂಕಿಗಳ ಮೇಲೆ ಕಂದು ಹಳದಿ ಪುಡಿಯಂಥ ಲೇಪವಿದೆ. ಕತ್ತಲೆಯಲ್ಲಿ ಹೊಳೆಯುವುದಿಲ್ಲ. ಬಿಚ್ಚಿ ಶುಚಿ ಮಾಡಿ ಮಗನ ಓದುವ ಮೇಜಿನ ಮೇಲೆ ಇಡಬೇಕೆಂದಿದ್ದೇನೆ.

ಬಿಚ್ಚಬೇಡಿ. ಮಗನ ಮೇಜಿನ ಮೇಲೂ ಇಡಬೇಡಿ. ಈ ಸಂಚಿಕೆಯಲ್ಲಿ ಒಂದೇ ಉತ್ತರಕ್ಕೆ ಜಾಗವಿದ್ದಿದ್ದರೆ ಇದನ್ನೇ ಬರೆಯುತ್ತಿದ್ದೆ.

ಎರಡನೇ ಮಹಾಯುದ್ಧದ ಕಾಲದ ಡಯಲ್‌ಗಳಲ್ಲಿ ಅಂಕಿಗಳು ರಾತ್ರಿ ಹೊಳೆಯಲು ರೇಡಿಯಂ ಬೆರೆಸಿದ ಬಣ್ಣ ಬಳಿಯುತ್ತಿದ್ದರು. ರೇಡಿಯಂ ಹೊರಸೂಸುವ ಕಣಗಳು ತಾಗಿ ಸತುವಿನ ಸಲ್ಫೈಡ್ ಮಿನುಗುತ್ತಿತ್ತು. ಕೆಲವು ದಶಕಗಳಲ್ಲಿ ಆ ಸಲ್ಫೈಡ್ ಸವೆದು ಮಿನುಗು ನಿಲ್ಲುತ್ತದೆ, ರೇಡಿಯಂ ಮಾತ್ರ ಹಾಗೆಯೇ ಇರುತ್ತದೆ. ಅದರ ಅರ್ಧಾಯುಷ್ಯ 1600 ವರ್ಷ. ಹೊಳೆಯುವುದಿಲ್ಲ ಎಂಬುದನ್ನು ಅಪಾಯವಿಲ್ಲ ಎಂದು ಓದಿಕೊಳ್ಳಬಾರದು. ಹಳೆಯ ಬಣ್ಣ ಉದುರಿ ಪುಡಿಯಾಗಿರುತ್ತದೆ, ಗಾಜು ತೆಗೆದ ಕೂಡಲೇ ಆ ಪುಡಿ ಉಸಿರಿಗೆ, ಬೆರಳಿಗೆ, ಬೆರಳಿನಿಂದ ಬಾಯಿಗೆ ಹೋಗುತ್ತದೆ. ನಿಜವಾದ ಕೇಡು ಅಲ್ಲಿರುವುದು.

ಡಯಲನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಮುಚ್ಚಿ, ಮೇಲೆ "ರೇಡಿಯಂ ಇರಬಹುದು, ತೆರೆಯಬೇಡಿ" ಎಂದು ಬರೆಯಿರಿ. ಕೈ ಸೋಪು ಹಾಕಿ ತೊಳೆಯಿರಿ. ಜನ ಮಲಗುವ, ಕೂರುವ ಕೋಣೆಯಿಂದ ದೂರ, ಗಾಳಿಯಾಡುವ ಕಡೆ ಇಡಿ. ರೇಡಿಯಂನಿಂದ ರೇಡಾನ್ ಅನಿಲ ಹೊರಡುವುದರಿಂದ ಮುಚ್ಚಿದ ಬೀರು ಒಳ್ಳೆಯ ಜಾಗವಲ್ಲ. ಅಂಚೆಯಲ್ಲಿ ಯಾರಿಗೂ ಕಳುಹಿಸಬೇಡಿ. ವಿಕಿರಣ ಸುರಕ್ಷತೆಯನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಗೆ ತಿಳಿಸಿ, ಅವರು ಮೀಟರ್ ಹಿಡಿದು ಅಳೆದು ಹೇಳುತ್ತಾರೆ. ನಂತರದ ಕಾಲದ ಡಯಲ್‌ಗಳಲ್ಲಿ ರೇಡಿಯಂ ಇಲ್ಲದಿರಬಹುದು, ಆದರೆ ಅದನ್ನು ಕಣ್ಣಿನಿಂದ ತೀರ್ಮಾನಿಸಲಾಗದು.

ಪ್ರಶ್ನೆ: ನಮ್ಮ ತಂಡಕ್ಕೆ ಒಂದು ಹಳೆಯ ತರಬೇತಿ ವಿಮಾನ ಸಿಕ್ಕಿದೆ. ಏಳೆಂಟು ಪದರ ಬಣ್ಣವಿದೆ. ರಾಸಾಯನಿಕ ಬಳಿದು ಎಲ್ಲವನ್ನೂ ಕಿತ್ತು ಬರಿ ಲೋಹಕ್ಕೆ ತರುವುದೇ ಒಳ್ಳೆಯದಲ್ಲವೇ?

ಇದಕ್ಕೆ ಉತ್ತರಿಸುವಾಗ ನನಗೆ ಒಂದು ಹಳೆಯ ನೋವು ನೆನಪಾಗುತ್ತದೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಾರ್ವರ್ಡ್ ಎಂಬ ಒಂದು ತರಬೇತಿ ವಿಮಾನವನ್ನು ಪ್ರದರ್ಶನಕ್ಕೆ ಸಿದ್ಧಪಡಿಸುವ ತಂಡಕ್ಕೆ ನನ್ನನ್ನು ಹಾಕಿದ್ದರು. ಲಾಗ್ ಪುಸ್ತಕ ಕಳೆದುಹೋಗಿತ್ತು. ಬಾಲದ ಎತ್ತಿದ ಭಾಗದ ಬಣ್ಣ ಕೀಳುವ ಕೆಲಸ ನನ್ನ ಪಾಲಿಗೆ ಬಂತು. ಬೇಗ ಮುಗಿಸಿ ಹಿರಿಯರ ಮೆಚ್ಚುಗೆ ಪಡೆಯುವ ಹುಮ್ಮಸ್ಸು. ರಾಸಾಯನಿಕವನ್ನು ದಪ್ಪಗೆ ಬಳಿದೆ. ಮೇಲಿನ ಬೆಳ್ಳಿ ಬಣ್ಣ ಗುಳ್ಳೆಯೆದ್ದು ಸುಕ್ಕಾಯಿತು. ಒರೆಸಿದಾಗ ಕೆಳಗೆ ಹಳದಿ ಕಂಡಿತು, ಹಳದಿಯ ಮೇಲೆ ಕಪ್ಪು ಗೆರೆ, ಗೆರೆ ಬಾಗಿ 3 ಅಥವಾ 8ರ ಹೊಟ್ಟೆಯಂತೆ ಆಯಿತು. ನನ್ನ ಕೈ ನಿಂತರೂ ರಾಸಾಯನಿಕ ನಿಲ್ಲಲಿಲ್ಲ. ಕಣ್ಣೆದುರೇ ಆ ಅಂಕಿಗಳು ಕಪ್ಪು ಹಳದಿ ಲೋಳೆಯಾಗಿ ಇಳಿದು ನೆಲದ ಮೇಲಿನ ಗೋಣಿಚೀಲಕ್ಕೆ ಬಿದ್ದವು. ಅದು ಆ ವಿಮಾನದ ಮೂಲ ಸಂಖ್ಯೆ. ಅದು ಎಲ್ಲಿ ಹಾರಿತ್ತು, ಯಾರು ಅದರಲ್ಲಿ ಹಾರಾಟ ಕಲಿತರು ಎಂಬುದನ್ನು ಹುಡುಕಲು ನಮಗಿದ್ದ ಒಂದೇ ಎಳೆ. ಇವತ್ತಿಗೂ ಆ ವಿಮಾನದ ಮುಂದಿನ ಫಲಕದಲ್ಲಿ "ಹಾರ್ವರ್ಡ್" ಎಂಬ ಒಂದು ಪದ ಬಿಟ್ಟರೆ ಬೇರೇನೂ ಇಲ್ಲ.

ಆದ್ದರಿಂದ ನಿಮ್ಮ ಏಳೆಂಟು ಪದರಗಳನ್ನು ಓದಿ, ಆಮೇಲೆ ಮುಂದಿನ ಮಾತು. ಸಂಖ್ಯೆ, ವೃತ್ತ, ಬಾಲದ ಪಟ್ಟಿ ಇದ್ದಿರಬಹುದಾದ ಕಡೆಯೆಲ್ಲ ಒಂದೊಂದು ಸಣ್ಣ ಜಾಗ ಆರಿಸಿಕೊಳ್ಳಿ. 1200ರ ಉಪ್ಪುಕಾಗದವನ್ನು ನೀರಿನಲ್ಲಿ ನೆನೆಸಿ, ಒಂದು ಬೆರಳಿನಿಂದ ಸುತ್ತುಸುತ್ತಾಗಿ, ನಡುವೆ ಹೆಚ್ಚು ಅಂಚಿನಲ್ಲಿ ಕಡಿಮೆ ಒತ್ತಡ ಬರುವಂತೆ ಉಜ್ಜಿ. ನಾಣ್ಯದಗಲದ ತಗ್ಗು ಬೀಳುತ್ತದೆ. ಅದರಲ್ಲಿ ಕಡಿದ ಮರದ ಉಂಗುರಗಳ ಹಾಗೆ ಪ್ರತಿ ಪದರವೂ ಒಂದೊಂದು ವೃತ್ತವಾಗಿ ತೆರೆದುಕೊಳ್ಳುತ್ತದೆ. ಹೊರ ಉಂಗುರ ಕೊನೆಯ ಬಣ್ಣ, ಒಳಗಿನದು ಕಾರ್ಖಾನೆಯ ಬಣ್ಣ. ಹಗಲು ಬೆಳಕಿನಲ್ಲಿ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ. ಒಂದು ಕಡೆ ಅಂಕಿಯ ಅಂಚು ಕಂಡರೆ ಅದರ ಗೆರೆಯನ್ನೇ ಹಿಂಬಾಲಿಸಿ ಪದರ ಪದರವಾಗಿ ಮುಂದುವರಿಯಿರಿ. ಇಡೀ ಸಂಖ್ಯೆಗೆ ವಾರಗಟ್ಟಲೆ ಹಿಡಿದರೂ ಹಿಡಿಯಲಿ. ಒಣಗಿದ್ದಾಗ ಎಂದೂ ಉಜ್ಜಬೇಡಿ. ಹಳೆಯ ಪ್ರೈಮರ್‌ನಲ್ಲಿರುವ ಕ್ರೋಮೇಟ್ ಕ್ಯಾನ್ಸರ್‌ಕಾರಕ. ಮಾಸ್ಕ್, ಕೈಗವಸು ಇಲ್ಲದೆ ಯಾರನ್ನೂ ವಿಮಾನದ ಹತ್ತಿರ ಬಿಡಬೇಡಿ.

ಬಣ್ಣ ಹೊಂದಿಸುವವರಿಗೆ ಇನ್ನೊಂದು ಮಾತು. ಹೊರಗಿನ ಬಣ್ಣ ಬಿಸಿಲಿಗೆ ಮಾಸಿರುತ್ತದೆ. ತಿರುಗಿಸಿ ಬಿಗಿದ ಒಂದು ಫಲಕದ ಅಡಿಯಲ್ಲಿ, ಮುಚ್ಚಳದ ಅಂಚಿನ ಒಳಗೆ ಬಿಸಿಲು ಕಾಣದ ಬೆರಳಗಲದ ಬಣ್ಣ ಉಳಿದಿರುತ್ತದೆ. ಮಾದರಿಯಾಗಿ ಹಿಡಿಯಬೇಕಾದದ್ದು ಅದನ್ನು.

ಪ್ರಶ್ನೆ: ಸಂಗ್ರಹಾಲಯದ ವಿಮಾನಗಳಲ್ಲಿ ಹೊಸ ತಗಡು, ಹೊಸ ಮರ, ಹೊಸ ಬಣ್ಣವೇ ಹೆಚ್ಚು ಎಂದು ಓದಿದೆ. ಹಾಗಿದ್ದರೆ ಅದು ಅಸಲಿ ವಿಮಾನ ಹೇಗಾಗುತ್ತದೆ?

ಇದಕ್ಕೆ ಒಂದೇ ಮಾದರಿಯ ಮೂರು ವಿಮಾನಗಳನ್ನು ನಿಮ್ಮ ಮುಂದೆ ಇಡುತ್ತೇನೆ. ಬ್ರಿಟನ್ನಿನ ಹ್ಯಾಲಿಫ್ಯಾಕ್ಸ್ ಬಾಂಬರ್ 6,176 ತಯಾರಾದವು. ಯುದ್ಧ ಮುಗಿದ ಮೇಲೆ ಎಲ್ಲವೂ ಗುಜರಿಗೆ ಹೋದವು, ಒಂದನ್ನಾದರೂ ಇಟ್ಟುಕೊಳ್ಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಮೊದಲನೆಯದು 1942ರ ಏಪ್ರಿಲ್‌ನಲ್ಲಿ ಜರ್ಮನಿಯ ಟಿರ್ಪಿಟ್ಸ್ ಯುದ್ಧನೌಕೆಯ ಮೇಲೆ ದಾಳಿಗೆ ಹೋಗಿ, ಪೆಟ್ಟು ತಿಂದು ನಾರ್ವೆಯ ಹೆಪ್ಪುಗಟ್ಟಿದ ಹೋಕ್ಲಿಂಗನ್ ಸರೋವರದ ಮೇಲೆ ಇಳಿಯಿತು. ಮಂಜು ಕರಗಿ ಮುಳುಗಿತು. 1973ರಲ್ಲಿ ಮೇಲೆತ್ತಿದರು. ರಾಯಲ್ ಏರ್ ಫೋರ್ಸ್ ಮ್ಯೂಸಿಯಂ ಅದನ್ನು ದುರಸ್ತಿ ಮಾಡದೆ, ಹರಿದ ತಗಡು ಹರಿದಂತೆಯೇ ಇಟ್ಟಿದೆ. ಎರಡನೆಯದು 1945ರ ಏಪ್ರಿಲ್‌ನಲ್ಲಿ ನಾರ್ವೆಯ ಮ್ಯೋಸಾ ಸರೋವರಕ್ಕೆ ಬಿದ್ದದ್ದು. ಬದುಕುಳಿದವನು ಬಾಲದ ಬಂದೂಕುಗಾರ ಒಬ್ಬನೇ. 1995ರಲ್ಲಿ ಎತ್ತಿ ಕೆನಡಾದ ಟ್ರೆಂಟನ್‌ಗೆ ಒಯ್ದು, ಹತ್ತು ವರ್ಷ ದುಡಿದು ಕಾರ್ಖಾನೆಯಿಂದ ಹೊರಬಂದಂತೆ ಮಾಡಿ ನಿಲ್ಲಿಸಿದರು. ಮೂರನೆಯದರ ಒಡಲಿನ ತುಂಡು ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ ಕೋಳಿಗೂಡಾಗಿತ್ತು. ಅದಕ್ಕೆ ಹೇಸ್ಟಿಂಗ್ಸ್ ಎಂಬ ಬೇರೆ ವಿಮಾನದ ರೆಕ್ಕೆ ಕೂಡಿಸಿ, ಉಳಿದದ್ದನ್ನು ಹುಡುಕಿ, ಸಿಗದ್ದನ್ನು ಹೊಸದಾಗಿ ಮಾಡಿ ಯಾರ್ಕ್‌ಷೈರ್ ಏರ್ ಮ್ಯೂಸಿಯಂನವರು 1996ರಲ್ಲಿ ಇಡೀ ಹ್ಯಾಲಿಫ್ಯಾಕ್ಸ್ ಎದ್ದು ನಿಲ್ಲುವಂತೆ ಮಾಡಿದರು.

ಮೂರರಲ್ಲಿ ನನಗೆ ಮೊದಲನೆಯದೇ ಹೆಚ್ಚು. ಬಾಗಿದ ಪ್ರೊಪೆಲರ್ ಅಲಗನ್ನು ನೇರ ಮಾಡಿದರೆ ಅದು ಮಂಜಿಗೆ ಬಡಿದ ಆ ರಾತ್ರಿ ಅಳಿಸಿಹೋಗುತ್ತದೆ. ಆದರೆ ಮೂರನೆಯದನ್ನು ನಕಲಿ ಎನ್ನಲು ನನ್ನ ಬಾಯಿ ಏಳುವುದಿಲ್ಲ. ಅವರು ಕೋಳಿಗೂಡಿನ ಕಥೆಯನ್ನೂ ಬೇರೆ ವಿಮಾನದ ರೆಕ್ಕೆಯನ್ನೂ ಮುಚ್ಚಿಡಲಿಲ್ಲ. ಅದಿಲ್ಲದಿದ್ದರೆ ಆ ಬಾಂಬರ್‌ನ ಒಳಗೆ ಏಳು ಜನ ಎಷ್ಟು ಇಕ್ಕಟ್ಟಿನಲ್ಲಿ ಕೂರುತ್ತಿದ್ದರು ಎಂಬುದು ನಮಗೆ ತಿಳಿಯುತ್ತಲೂ ಇರಲಿಲ್ಲ. ನನಗೆ ಸಹಿಸಲಾಗದ್ದು ಬೇರೆಯೇ ಒಂದಿದೆ: ಸುಟ್ಟು ಕರಕಲಾದ ಅವಶೇಷದಿಂದ ಗುರುತಿನ ಪಟ್ಟಿಯೊಂದನ್ನೇ ಬಿಡಿಸಿಕೊಂಡು, ಅದರ ಸುತ್ತ ಪೂರ್ತಿ ಹೊಸ ವಿಮಾನ ಕಟ್ಟಿ, "ಯುದ್ಧ ಕಂಡ ವಿಮಾನ" ಎಂದಷ್ಟೇ ಹೇಳಿ ಉಳಿದದ್ದನ್ನು ಹೇಳದಿರುವುದು. ಕಟ್ಟಲಿ, ಕೈಚಳಕ ಉಳಿಯುತ್ತದೆ. ಯಾವುದು ಹೊಸತು ಎಂದು ಬರೆದು ತೂಗುಹಾಕಲಿ. ನಮ್ಮ ತಂಡದಲ್ಲಿ ಹೊಸದಾಗಿ ಮಾಡಿದ ಪ್ರತಿ ಭಾಗದ ಒಳಮೈಯಲ್ಲಿ ಮಾಡಿದ ವರ್ಷವನ್ನು ಅಚ್ಚು ಹೊಡೆಯುತ್ತೇವೆ. ಐವತ್ತು ವರ್ಷದ ಮೇಲೆ ಟಾರ್ಚ್ ಹಿಡಿದು ಬರುವವರಿಗೆ ಮೋಸವಾಗಬಾರದು.

ಪ್ರಶ್ನೆ: ಸಮುದ್ರದಿಂದ ಎತ್ತಿದ ವಿಮಾನಕ್ಕೆ ವರ್ಷಗಟ್ಟಲೆ ನೀರು ಚಿಮುಕಿಸುತ್ತಾರಂತೆ. ಒಣಗಿಸಿದರೆ ತುಕ್ಕು ನಿಲ್ಲುವುದಿಲ್ಲವೇ?

ಇಲ್ಲ, ಹೆಚ್ಚುತ್ತದೆ. ಉಪ್ಪಿನ ಕ್ಲೋರೈಡ್ ಲೋಹದ ರಂಧ್ರಗಳೊಳಗೆ ಇಳಿದಿರುತ್ತದೆ. ನೀರಿನಿಂದ ಹೊರಬಂದು ಗಾಳಿಯ ಆಮ್ಲಜನಕ ತಾಗಿದೊಡನೆ ದಶಕಗಳಲ್ಲಿ ಆಗದ ಕೇಡು ತಿಂಗಳುಗಳಲ್ಲಿ ಆಗುತ್ತದೆ. ಅಲ್ಯೂಮಿನಿಯಂ ಹಾಳೆ ಪುಸ್ತಕದ ಪುಟಗಳಂತೆ ಪದರ ಪದರವಾಗಿ ಬಿಡುತ್ತದೆ. 1940ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಕರಾವಳಿಯಲ್ಲಿ ಬಿದ್ದ ಜರ್ಮನಿಯ ಡಾರ್ನಿಯರ್ 17 ಬಾಂಬರನ್ನು 2013ರ ಜೂನ್ 10ರಂದು ಎತ್ತಿದಾಗ, ಅದನ್ನು ಇಂಗ್ಲೆಂಡಿನ ಕಾಸ್ಫರ್ಡ್‌ನ ಸಂಗ್ರಹಾಲಯಕ್ಕೆ ಸಾಗಿಸಿ ಪ್ಲಾಸ್ಟಿಕ್ ಗೂಡುಗಳಲ್ಲಿ ಇಟ್ಟು ಸಿಟ್ರಿಕ್ ಆಮ್ಲದ ತೆಳು ದ್ರಾವಣ ಚಿಮುಕಿಸಿದರು. ನಿಂಬೆಯ ಹುಳಿಯಲ್ಲಿರುವುದೂ ಅದೇ ಆಮ್ಲ. ಅದು ಲೋಹವನ್ನು ತಿನ್ನದೆ ಮೇಲಿನ ಚಿಪ್ಪು ಮತ್ತು ಗಸಿಯನ್ನು ಸಡಿಲಿಸಿ ಕ್ಲೋರೈಡನ್ನು ಹೊರಗೆಳೆಯುತ್ತದೆ. ಆ ಮಾದರಿಯಲ್ಲಿ ಹೆಚ್ಚುಕಡಿಮೆ ಇಡಿಯಾಗಿ ಉಳಿದದ್ದು ಅದೊಂದೇ, ಆದ್ದರಿಂದ ಇಷ್ಟು ತಾಳ್ಮೆ.

ಪ್ರಶ್ನೆ: ನಮ್ಮ ಸಂಸ್ಥೆಯ ಆವರಣದಲ್ಲಿ ಹಳೆಯ ಜೆಟ್ ಯುದ್ಧವಿಮಾನವನ್ನು ಕಂಬದ ಮೇಲೆ ನಿಲ್ಲಿಸಿದ್ದಾರೆ. ಪ್ರತಿ ವರ್ಷ ಬಣ್ಣ ಬಳಿಯುತ್ತೇವೆ. ಆದರೂ ರೆಕ್ಕೆಯ ಬುಡದಲ್ಲಿ ಬಿಳಿ ಪುಡಿ ಏಳುತ್ತಿದೆ.

ಬಿಳಿ ಪುಡಿ ಅಲ್ಯೂಮಿನಿಯಂನ ತುಕ್ಕು. ಅದರ ಮೇಲೆ ಬಣ್ಣ ಬಳಿದರೆ ಗಾಯದ ಮೇಲೆ ಹೊಸ ಅಂಗಿ ತೊಡಿಸಿದಂತೆ. ನೀರು ಎಲ್ಲಿ ನಿಂತಿದೆ ಎಂದು ಹುಡುಕಿ. ವಿಮಾನದ ಹೊಟ್ಟೆಯಲ್ಲಿ, ರೆಕ್ಕೆಯ ಅಡಿಯಲ್ಲಿ ನೀರು ಬಸಿಯುವ ಸಣ್ಣ ತೂತುಗಳಿರುತ್ತವೆ. ವರ್ಷವರ್ಷವೂ ಬಳಿದ ಬಣ್ಣವೇ ಅವನ್ನು ಮುಚ್ಚಿರುತ್ತದೆ. ಜೊತೆಗೆ ಕಂಬದಲ್ಲಿ ಹಾರುವ ಭಂಗಿಗೆ ಮೂತಿ ಎತ್ತಿ ಓರೆಯಾಗಿ ನಿಲ್ಲಿಸಿದಾಗ ನೀರು ಬಸಿಯುವ ತೂತಿಗೆ ಹೋಗದೆ ಬೇರೆ ಮೂಲೆಗೆ ಸೇರುತ್ತದೆ. ಆ ಮೂಲೆಯಲ್ಲಿ ಹೊಸ ತೂತು ಬೇಕು. ಉಕ್ಕಿನ ಕಂಬದ ಚಾಚು ಅಲ್ಯೂಮಿನಿಯಂ ಮೈಗೆ ನೇರವಾಗಿ ತಾಗಿದ್ದರೆ, ಮಳೆನೀರು ಸೇರಿದಾಗ ಬ್ಯಾಟರಿಯಂತಾಗಿ ಅಲ್ಯೂಮಿನಿಯಂ ಸವೆಯುತ್ತದೆ. ನಡುವೆ ವಿದ್ಯುತ್ ಹರಿಯದ ಹಾಳೆ ಇರಲೇಬೇಕು. ಎಂಜಿನ್ನಿಗೆ ಗಾಳಿ ಹೋಗುವ ಬಾಯಿ, ಹಿಂದಿನ ಕೊಳವೆ ಎರಡಕ್ಕೂ ಜಾಲರಿ ಹಾಕಿ. ಹಕ್ಕಿಗಳ ಗೂಡು ನೀರು ಹಿಡಿಯುತ್ತದೆ, ಹಿಕ್ಕೆ ಲೋಹ ತಿನ್ನುತ್ತದೆ. ಕಾಕ್‌ಪಿಟ್‌ನ ಪ್ಲಾಸ್ಟಿಕ್ ಮುಚ್ಚಳಕ್ಕೆ ಥಿನ್ನರ್ ತಾಗಿಸಿದರೆ ಕೂದಲೆಳೆಯ ಬಿರುಕು ಮೂಡುತ್ತದೆ, ಸೋಪುನೀರು ಸಾಕು.

ಇವೆಲ್ಲಕ್ಕಿಂತ ಮೊದಲು, ಯಾರೂ ಕಾಕ್‌ಪಿಟ್‌ಗೆ ಹತ್ತುವ ಮುನ್ನ, ಪೈಲಟ್‌ನನ್ನು ಹೊರಕ್ಕೆ ಚಿಮ್ಮಿಸುವ ಆಸನದ ಸಿಡಿಗುಂಡುಗಳನ್ನು ತೆಗೆದ ಲಿಖಿತ ದಾಖಲೆ ಇದೆಯೇ ನೋಡಿ. ಮುಚ್ಚಳ ಹಾರಿಸುವ ಮತ್ತು ಬೆಂಕಿ ನಂದಿಸುವ ವ್ಯವಸ್ಥೆಗಳಲ್ಲೂ ಅಂಥವು ಇರುತ್ತವೆ. ದಾಖಲೆ ಇಲ್ಲದಿದ್ದರೆ ಏಣಿ ತೆಗೆದಿಟ್ಟು, ವಾಯುಪಡೆಯ ಶಸ್ತ್ರಾಸ್ತ್ರ ವಿಭಾಗದ ತಜ್ಞರನ್ನು ಕರೆಸಿ. ಬಾಯಿಮಾತಿನ "ತೆಗೆದಿದ್ದಾರೆ" ಸಾಲದು.

ಹೊರಗೆ ನಿಲ್ಲಿಸುವುದೇ ವಿಮಾನಕ್ಕೆ ಕಷ್ಟ. ಬ್ರಿಟನ್ನಿನ ವಾಯುನೆಲೆಗಳ ದ್ವಾರದಲ್ಲಿ ದಶಕಗಳ ಕಾಲ ಮಳೆಯಲ್ಲಿ ನಿಂತಿದ್ದ ಅಸಲಿ ಸ್ಪಿಟ್‌ಫೈರ್‌ಗಳನ್ನು 1980ರ ದಶಕದ ಕೊನೆಯಲ್ಲಿ ಒಳಗೆ ಒಯ್ದು, ಅವುಗಳ ಜಾಗದಲ್ಲಿ ಫೈಬರ್‌ಗ್ಲಾಸ್ ಪ್ರತಿರೂಪಗಳನ್ನು ನಿಲ್ಲಿಸಿದರು. ನಿಮ್ಮ ಸಂಸ್ಥೆಯವರಿಗೆ ಇದನ್ನೂ ಹೇಳಿ ನೋಡಿ.

ಪ್ರಶ್ನೆ: ಹಾರಬಲ್ಲ ಹಳೆಯ ವಿಮಾನಗಳನ್ನು ಹಾರಿಸಬೇಕೇ, ಬೇಡವೇ?

ಎಂಜಿನ್ನಿನ ಸದ್ದು ಎದೆಗೆ ಬಡಿಯುವುದನ್ನು ಕೇಳಿದವನು ನಾನು, ಬೇಡ ಎನ್ನುವುದು ಸುಲಭವಲ್ಲ. ಆದರೂ ಎರಡು ಘಟನೆಗಳು ಕಣ್ಣ ಮುಂದಿವೆ. 1947ರಲ್ಲಿ ಗ್ರೀನ್‌ಲ್ಯಾಂಡಿನ ಹಿಮದ ಮೇಲೆ ಇಳಿದು ಅಲ್ಲೇ ಉಳಿದ "ಕೀ ಬರ್ಡ್" ಎಂಬ ಬಿ-29 ಬಾಂಬರ್ ಆ ಚಳಿಯಲ್ಲಿ ಚೆನ್ನಾಗಿಯೇ ಉಳಿದಿತ್ತು. ಅದನ್ನು ಹಾರಿಸಿಕೊಂಡು ತರಲು ಹೋದ ತಂಡ ಹೊಸ ಎಂಜಿನ್ನುಗಳನ್ನು ಕೂಡಿಸಿತು. 1995ರ ಮೇ ತಿಂಗಳಲ್ಲಿ ಹಿಮದ ಮೇಲೆ ಓಡಿಸುವಾಗ ಸಹಾಯಕ ಎಂಜಿನ್ನಿಗೆ ಇಂಧನ ಸೋರಿ ಬೆಂಕಿ ಹತ್ತಿತು. 48 ವರ್ಷ ಹಿಮ ಕಾಯ್ದದ್ದು ಒಂದೇ ದಿನದಲ್ಲಿ ಉರಿದುಹೋಯಿತು. ಇನ್ನೊಂದು, 1942ರಲ್ಲಿ ಲಿಬಿಯಾದಲ್ಲಿ ವಶವಾದ ಜರ್ಮನಿಯ "ಬ್ಲ್ಯಾಕ್ 6", ಮೆಸ್ಸರ್ಶ್ಮಿಟ್ 109. ಸ್ವಯಂಸೇವಕರು ಸುಮಾರು ಇಪ್ಪತ್ತು ವರ್ಷ ದುಡಿದು 1991ರಲ್ಲಿ ಹಾರಿಸಿದರು. 1997ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಡಕ್ಸ್‌ಫರ್ಡ್‌ನಲ್ಲಿ ಅಪಘಾತವಾಯಿತು. ಪೈಲಟ್ ಬದುಕಿದರು. ವಿಮಾನವನ್ನು ದುರಸ್ತಿ ಮಾಡಿ ಸಂಗ್ರಹಾಲಯದೊಳಗೆ ನಿಲ್ಲಿಸಿದ್ದಾರೆ.

ನನ್ನ ಅಭಿಪ್ರಾಯ ಇಷ್ಟು: ಆ ಮಾದರಿಯಲ್ಲಿ ಉಳಿದದ್ದು ಅದೊಂದೇ ಆದರೆ, ಅಥವಾ ಅದರ ಮೂಲ ಬಣ್ಣ, ಮೂಲ ತಗಡು ಇನ್ನೂ ಇದ್ದರೆ, ಹಾರಿಸಬಾರದು. ಹಾರಿಸಲು ಸುರಕ್ಷಿತ ಮಾಡುವ ಕೆಲಸದಲ್ಲೇ ಹಳೆಯ ಲೋಹವನ್ನು ಎಸೆಯಬೇಕಾಗುತ್ತದೆ. ಹಲವು ಉಳಿದಿದ್ದು, ಹೇಗೂ ಹೊಸ ರಿವೆಟ್, ಹೊಸ ರೆಕ್ಕೆ ಕಂಡಿದ್ದರೆ, ಹಾರಲಿ. ಭಾರತೀಯ ವಾಯುಪಡೆ 2018ರಲ್ಲಿ ಸೇರಿಸಿಕೊಂಡ ಹಳೆಯ ಡಕೋಟಾ ಸಾಗಣೆ ವಿಮಾನ "ಪರಶುರಾಮ" ಹಾರುವುದನ್ನು ನೋಡಿದಾಗ ನನಗೆ ಯಾವ ಅಳುಕೂ ಆಗಲಿಲ್ಲ.

ಪ್ರಶ್ನೆ: ಯುದ್ಧ ಮುಗಿದಾಗ ಪೆಟ್ಟಿಗೆಗಳಲ್ಲಿ ಹೂತಿಟ್ಟ ಸ್ಪಿಟ್‌ಫೈರ್‌ಗಳು ಬರ್ಮಾದಲ್ಲಿ ಇನ್ನೂ ಇವೆಯೇ?

2013ರಲ್ಲಿ ಯಾಂಗೂನ್ ವಿಮಾನ ನಿಲ್ದಾಣದಲ್ಲಿ ಪುರಾತತ್ವ ತಜ್ಞರೊಂದಿಗೆ ಅಗೆದು ನೋಡಿದರು, ಒಂದು ವಿಮಾನವೂ ಸಿಗಲಿಲ್ಲ. ನಿಜವಾದ ನಿಧಿ ಎಷ್ಟೋ ಸಲ ನೆಲದ ಮೇಲೇ ಬಿದ್ದಿರುತ್ತದೆ. ಯುದ್ಧಾನಂತರ ಕಾನ್ಪುರದಲ್ಲಿ ಬೇಕೆಂದೇ ಜಖಂ ಮಾಡಿ ಬಿಟ್ಟುಹೋದ ಲಿಬರೇಟರ್ ಬಾಂಬರ್‌ಗಳನ್ನು ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಮತ್ತೆ ಹಾರುವಂತೆ ಮಾಡಿತು. ಅವು 1968ರವರೆಗೆ ಸೇವೆಯಲ್ಲಿದ್ದವು. ಬ್ರಿಟನ್, ಅಮೆರಿಕ ಮತ್ತು ಕೆನಡಾದ ಸಂಗ್ರಹಾಲಯಗಳಲ್ಲಿ ಇಂದು ಜನ ಬೆರಗಿನಿಂದ ನೋಡುವ ಹಲವು ಲಿಬರೇಟರ್‌ಗಳು ಇಲ್ಲಿಂದ ಹೋದವೇ. ಕಾಡಿನಲ್ಲೋ ಬೆಟ್ಟದಲ್ಲೋ ಅವಶೇಷ ಕಂಡವರು ಮಾತ್ರ ಕೈ ಹಚ್ಚಬಾರದು. ಸಿಡಿಯದ ಗುಂಡುಗಳಿರಬಹುದು, ಸತ್ತವರ ಅಸ್ಥಿಗಳಿರಬಹುದು. ಬ್ರಿಟನ್ನಿನಲ್ಲಿ 1986ರ ಕಾಯ್ದೆಯಂತೆ ಸೇನಾ ವಿಮಾನ ಬಿದ್ದ ಯಾವ ಜಾಗವನ್ನೂ ಪರವಾನಗಿ ಇಲ್ಲದೆ ಅಗೆಯುವಂತಿಲ್ಲ. ಜಾಗ ಗುರುತಿಸಿ ಫೋಟೊ ತೆಗೆದು ಅಧಿಕಾರಿಗಳಿಗೆ ತಿಳಿಸಿ.

ತಿದ್ದುಪಡಿ: ಕಳೆದ ಸಂಚಿಕೆಯಲ್ಲಿ ಎಲ್ಲ ಸ್ಪಿಟ್‌ಫೈರ್‌ಗಳ ಪ್ರೊಪೆಲರ್ ಕೂಡ ಒಂದೇ ದಿಕ್ಕಿಗೆ ತಿರುಗುತ್ತದೆ ಎಂದು ಬರೆದಿದ್ದೆ. ಅದು ತಪ್ಪೆಂದು ಓದುಗರೊಬ್ಬರು ತೋರಿಸಿಕೊಟ್ಟಿದ್ದಾರೆ, ಅವರಿಗೆ ಋಣಿ. ಪೈಲಟ್‌ನ ಆಸನದಿಂದ ನೋಡಿದಾಗ ಮೊದಲಿನ ಮಾದರಿಗಳಲ್ಲಿದ್ದ ಮರ್ಲಿನ್ ಎಂಜಿನ್ನಿನದು ಗಡಿಯಾರದ ಮುಳ್ಳಿನ ದಿಕ್ಕಿಗೆ, ನಂತರದ ಕೆಲವು ಮಾದರಿಗಳಲ್ಲಿದ್ದ ಗ್ರಿಫನ್ ಎಂಜಿನ್ನಿನದು ಅದಕ್ಕೆ ವಿರುದ್ಧವಾಗಿ ತಿರುಗುತ್ತದೆ. ಹಳೆಯ ಫೋಟೊದಲ್ಲಿ ಅಲಗುಗಳ ತಿರುಚು ಯಾವ ಕಡೆಗಿದೆ ಎಂದು ನೋಡಿದರೆ ಮುಚ್ಚಳದೊಳಗಿನ ಎಂಜಿನ್ ಯಾವುದೆಂದು ಹೇಳಬಹುದು. ಫೋಟೊ ಎಡಬಲ ಅದಲುಬದಲಾಗಿ ಅಚ್ಚಾಗಿಲ್ಲವೇ ಎಂದು ಮೊದಲು ಸಂಖ್ಯೆಗಳನ್ನು ಓದಿ ಖಚಿತಪಡಿಸಿಕೊಳ್ಳಿ.